ಆನ್‌ಲೈನ್ ಅಣಕು ಸರ್ಕಾರದಲ್ಲಿ ಮಂತ್ರಿಯನ್ನು ಒಪ್ಪುವವರು ಯಾರು? ಆರು ದಾರಿಗಳ ಹೋಲಿಕೆ

ಆಟಕ್ಕೆಂದು ಆನ್‌ಲೈನಿನಲ್ಲಿ ನಡೆಸುವ ನಮ್ಮ ಅಣಕು ಸರ್ಕಾರದಲ್ಲಿ ಹಣಕಾಸು ಖಾತೆಗೆ ಸೂಚಿಸಿದ್ದ ಹುಡುಗನ ಹೆಸರು ಸದನದ ಮುಂದೆ ಬಂದು ಒಂಬತ್ತು ದಿನವಾಗಿತ್ತು. ನಿಯಮದ ಪ್ರಕಾರ ಕೋರಂಗೆ ಹನ್ನೊಂದು ಮತ ಬೀಳಬೇಕು. ಬಿದ್ದದ್ದು ಏಳು. ಏಳೂ ‘ಹೌದು’. ಬೇಡ ಎಂದವರು ಒಬ್ಬರೂ ಇಲ್ಲ. ಸ್ಪೀಕರ್ ಎರಡು ಸಲ ಎಲ್ಲರನ್ನೂ ಟ್ಯಾಗ್ ಮಾಡಿದರು. ಮೂರನೇ ಸಲ ಮಾಡಿದಾಗ ಇಬ್ಬರು ಗುಂಪನ್ನೇ ಬಿಟ್ಟು ಹೋದರು. ಹತ್ತನೇ ದಿನ ಬೆಳಿಗ್ಗೆ ಆ ಹುಡುಗನೇ ಬರೆದ: “ಸೋಮವಾರದಿಂದ ಸೆಮಿಸ್ಟರ್ ಪರೀಕ್ಷೆ ಸರ್, ನನ್ನ ಹೆಸರು ವಾಪಸ್ ತಗೊಂಡುಬಿಡಿ.”

ಅವನನ್ನು ಯಾರೂ ತಿರಸ್ಕರಿಸಲಿಲ್ಲ. ಯಾರೂ ಬರಲಿಲ್ಲ, ಅಷ್ಟೇ. ಅಂದಿನಿಂದ ಅಣಕು ಸರ್ಕಾರ ಕಟ್ಟುವವರು ಯಾರಾದರೂ ‘ಸಂಪುಟಕ್ಕೆ ಸದನದ ಒಪ್ಪಿಗೆ ಹೇಗಿಡೋಣ’ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ನಿಯಮ ಮೌನವನ್ನು ಏನೆಂದು ಲೆಕ್ಕ ಹಾಕುತ್ತದೆ? ಹೌದು ಎಂದೋ, ಇಲ್ಲ ಎಂದೋ?

ನಿಜವಾದ ಸರ್ಕಾರಗಳಿಗೆ ಇದು ದೊಡ್ಡ ಪ್ರಶ್ನೆಯಲ್ಲ. ಅಲ್ಲಿನ ಶಾಸಕರಿಗೆ ಸಂಬಳ ಉಂಟು, ವಿಪ್ ಉಂಟು, ಗೈರಾದರೆ ಪತ್ರಿಕೆಯಲ್ಲಿ ಹೆಸರು ಬರುತ್ತದೆ. ನಮ್ಮಲ್ಲಿ ಶಾಸಕ ಎಂದರೆ ರಾತ್ರಿ ಊಟ ಮುಗಿಸಿ ಫೋನ್ ತೆಗೆದವನು. ಆದರೂ ಅಣಕು ಸರ್ಕಾರಗಳು ನಿಯಮ ಬರೆಯುವಾಗ ದೊಡ್ಡ ದೇಶಗಳ ಸಂವಿಧಾನವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತವೆ. ರೆಡಿಟ್ ಎಂಬ ಚರ್ಚಾ ತಾಣದಲ್ಲಿ ಅಮೆರಿಕದ ಸರ್ಕಾರವನ್ನು ಆಡುವವರು, ಮಂತ್ರಿಯಾಗುವವರನ್ನು ಅಲ್ಲಿನ ಮೇಲ್ಮನೆ ಪ್ರಶ್ನಿಸುವ ಸೆನೆಟ್ ವಿಚಾರಣೆಯನ್ನೂ ಆಡುತ್ತಾರೆ. ಬ್ರಿಟನ್ನಿನ ಕಾಮನ್ಸ್ ಸಭೆಯನ್ನು ಆಡುವವರಿಗೆ ಆ ತಾಪತ್ರಯವೇ ಇಲ್ಲ. ಆಸ್ಟ್ರೇಲಿಯಾದ ಲೇಖಕ ಮ್ಯಾಕ್ಸ್ ಬ್ಯಾರಿ 2002ರಲ್ಲಿ ಶುರುಮಾಡಿದ ನೇಷನ್‌ಸ್ಟೇಟ್ಸ್ ಆಟದಲ್ಲಿ ಆಟಗಾರರು ನಡೆಸುವ ದೇಶಗಳು ಸೇರಿ ಪ್ರಾಂತ್ಯವಾಗುತ್ತವೆ; ಅಲ್ಲಂತೂ ಒಂದೊಂದು ಪ್ರಾಂತ್ಯಕ್ಕೂ ಅದರದೇ ಸಂವಿಧಾನ, ಅದರದೇ ಜಗಳ.

ದಾರಿಗಳನ್ನು ನೋಡುವ ಮೊದಲು ನಿಮ್ಮ ಗುಂಪಿನ ಎರಡು ಲೆಕ್ಕ ತೆಗೆದಿಟ್ಟುಕೊಳ್ಳಿ. ಕಳೆದ ನಾಲ್ಕು ಮತದಾನಗಳಲ್ಲಿ ನಿಜವಾಗಿ ಎಷ್ಟು ಮತ ಬಿದ್ದವು, ಇದು ಮೊದಲನೆಯದು. ಸದಸ್ಯರ ಪಟ್ಟಿಯಲ್ಲಿ ಎಷ್ಟು ಹೆಸರಿದೆ ಎಂಬುದು ಬೇಡ, ಅದು ಜಾತ್ರೆಯ ಲೆಕ್ಕ. ಎರಡನೆಯದು, ಮಂತ್ರಿಯಾದವರ ಕೈಗೆ ಯಾವ ಕೀಲಿ ಹೋಗುತ್ತದೆ ಎಂಬುದು. ಕೆಲವು ಖಾತೆಗಳಲ್ಲಿ ಸಿಗುವುದು ಹೆಸರಿನ ಮುಂದೊಂದು ಬಣ್ಣ ಮಾತ್ರ. ಕೆಲವು ಖಾತೆಗಳಲ್ಲಿ ಜನರನ್ನು ಹೊರಹಾಕುವ ಬಟನ್ನೇ ಕೈಗೆ ಬರುತ್ತದೆ.

ಒಪ್ಪಿಗೆಯೇ ಬೇಡ ಎನ್ನುವ ದಾರಿ

ಇದು ನಮಗೆ ಹುಟ್ಟಿನಿಂದ ಗೊತ್ತಿರುವ ದಾರಿ. ಸಂವಿಧಾನದ 164ನೇ ವಿಧಿಯ ಪ್ರಕಾರ ರಾಜ್ಯಪಾಲರು ಮುಖ್ಯಮಂತ್ರಿಯನ್ನು ನೇಮಿಸುತ್ತಾರೆ, ಉಳಿದ ಮಂತ್ರಿಗಳನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ. ವಿಧಾನಸಭೆಯನ್ನು ಯಾರೂ ಕೇಳುವುದಿಲ್ಲ. ಶಾಸಕರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಆಯ್ಕೆಯಾದರೆ ಸಾಕು. ಇರುವ ಒಂದು ಬೇಲಿ ಸಂಖ್ಯೆಯದ್ದು. 2003ರ 91ನೇ ತಿದ್ದುಪಡಿ ಸಂಪುಟವನ್ನು ಸದನದ ಬಲದ ಶೇ 15ಕ್ಕೆ ಕಟ್ಟಿಹಾಕಿತು. 224 ಸ್ಥಾನಗಳ ಕರ್ನಾಟಕದಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿ.

ಕಡಿಮೆ ಆದರೆ? ನಮ್ಮ ಸಂವಿಧಾನ ರಾಜ್ಯಗಳಿಗೆ 12ರ ಕನಿಷ್ಠ ಮಿತಿಯನ್ನೂ ಹೇಳುತ್ತದೆ. ಆದರೆ 2019ರ ಜುಲೈ 26ಕ್ಕೆ ಪ್ರಮಾಣ ವಚನ ತೆಗೆದುಕೊಂಡ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಒಬ್ಬರೇ ಸಂಪುಟವಾಗಿದ್ದರು. ಅಣಕು ಸರ್ಕಾರಗಳಲ್ಲಿ ಈ ಏಕವ್ಯಕ್ತಿ ಸಂಪುಟ ಅಪರೂಪವೇನಲ್ಲ, ಪರೀಕ್ಷೆ ತಿಂಗಳು ಬಂದರೆ ವರ್ಷಕ್ಕೆರಡು ಸಲ ತಾನಾಗಿಯೇ ಆಗುತ್ತದೆ.

ಈ ದಾರಿಯಲ್ಲಿ ಮೌನ ಎಂದರೆ ಒಪ್ಪಿಗೆ. ಸದನಕ್ಕೆ ಸಿಟ್ಟು ಬಂದರೆ ವಿಶ್ವಾಸಮತ ಇದ್ದೇ ಇದೆ. 1999ರಲ್ಲಿ ವಾಜಪೇಯಿ ಸರ್ಕಾರ 269-270ರಲ್ಲಿ ಬಿತ್ತು, 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿತ್ತು. ಆದರೆ ಈ ಆಯುಧ ಬಲು ಭಾರ. ಲೋಕಸಭೆಯಲ್ಲಿ ಅವಿಶ್ವಾಸ ಮಂಡಿಸಬೇಕಾದ್ದು ಇಡೀ ಮಂತ್ರಿಮಂಡಲದ ಮೇಲೆ. ಒಬ್ಬ ಮಂತ್ರಿ ಕೆಲಸ ಮಾಡುತ್ತಿಲ್ಲವೆಂದು ಅವನೊಬ್ಬನ ಮೇಲೆ ಮಂಡಿಸಲು ಬರುವುದಿಲ್ಲ. ಇದನ್ನು ಇದ್ದಹಾಗೆಯೇ ನಕಲು ಮಾಡಿದ ಗುಂಪುಗಳಲ್ಲಿ ನಾನು ನೋಡಿರುವುದಿಷ್ಟು: ವಾರ್ತಾ ಮಂತ್ರಿ ಎರಡು ತಿಂಗಳಿಂದ ಒಂದು ಸುದ್ದಿಯನ್ನೂ ಹಾಕಿಲ್ಲ, ಅವನನ್ನು ಇಳಿಸಲು ಸರ್ಕಾರವನ್ನೇ ಬೀಳಿಸಬೇಕು, ಸರ್ಕಾರ ಬೀಳಿಸಿದರೆ ಮತ್ತೆ ಚುನಾವಣೆ, ಚುನಾವಣೆಗೆ ನಿಲ್ಲುವವರಿಲ್ಲ. ಇಲಿ ಬಂತೆಂದು ಮನೆಗೇ ಬೆಂಕಿ ಹಚ್ಚಿದ ಹಾಗೆ.

ನೇಷನ್‌ಸ್ಟೇಟ್ಸ್‌ನ ದೊಡ್ಡ ಪ್ರಾಂತ್ಯಗಳಲ್ಲಿ ಒಂದಾದ ದಿ ನಾರ್ತ್ ಪೆಸಿಫಿಕ್ ಇದಕ್ಕೊಂದು ತೇಪೆ ಹಾಕಿಕೊಂಡಿದೆ. ಅಲ್ಲಿನ ಚುನಾಯಿತ ಡೆಲಿಗೇಟ್, ಅಂದರೆ ಪ್ರಾಂತ್ಯದ ನಾಯಕ, ಮಂತ್ರಿಗಳನ್ನು ತನ್ನಿಷ್ಟದಂತೆ ನೇಮಿಸಬಹುದು, ತೆಗೆಯಬಹುದು. ಪ್ರಾಂತೀಯ ಸಭೆಗೆ ಬೇಕಾದರೆ ಮೂರನೇ ಎರಡರಷ್ಟು ಮತದಿಂದ ಒಬ್ಬೊಬ್ಬ ಅಧಿಕಾರಿಯನ್ನೇ ಹೆಸರು ಹಿಡಿದು ಕೆಳಗಿಳಿಸಬಹುದು. ಬಾಗಿಲು ತೆರೆದೇ ಇದೆ, ಹಿಂದೆ ದೊಣ್ಣೆಯೂ ಇದೆ. ಒಪ್ಪಿಗೆಯ ನಿಯಮ ಬೇಡವೆನ್ನುವವರು ಈ ವಾಪಸ್ ಕರೆಸುವ ನಿಯಮವನ್ನಾದರೂ ಬರೆದಿಡಿ.

ಒಬ್ಬೊಬ್ಬರಿಗೂ ಮತ: ಸೆನೆಟ್ ಮಾದರಿ

ಎಲ್ಲರಿಗೂ ಆಸೆ ಇದರ ಮೇಲೇ. ಟಿವಿಯಲ್ಲಿ ನೋಡಿರುತ್ತೇವೆ: ಉದ್ದನೆಯ ಮೇಜು, ಮೈಕು, ಸೂಚಿತನ ಹಿಂದೆ ಕುಳಿತ ಕುಟುಂಬ. ಅಮೆರಿಕದ ಸಂವಿಧಾನದ ಎರಡನೇ ವಿಧಿಯಂತೆ ಅಧ್ಯಕ್ಷರು ಹೆಸರಿಸಿದವರಿಗೆ ಸೆನೆಟ್‌ನ ಸಲಹೆ ಮತ್ತು ಸಮ್ಮತಿ ಬೇಕು.

ಇಷ್ಟು ಗದ್ದಲ ಇದ್ದರೂ ಸೆನೆಟ್ ಮತದಾನದಲ್ಲಿ ಸಂಪುಟದ ಹೆಸರೊಂದನ್ನು ಕೊನೆಯ ಸಲ ಸೋಲಿಸಿದ್ದು 1989ರಲ್ಲಿ: ರಕ್ಷಣಾ ಖಾತೆಗೆ ಬಂದ ಜಾನ್ ಟವರ್, 47-53. ಸೋಲು ಗ್ಯಾರಂಟಿ ಎಂದು ಕಂಡವರು ಮತದಾನದವರೆಗೆ ಹೋಗುವುದೇ ಇಲ್ಲ. 2021ರಲ್ಲಿ ನೀರಾ ಟಂಡನ್ ಬಜೆಟ್ ಕಚೇರಿಯ ಹುದ್ದೆಯಿಂದ ಹಿಂದೆ ಸರಿದರು. ಕಾರಣ ಅವರ ಹಳೆಯ ಟ್ವೀಟುಗಳು. ಸೆನೆಟರುಗಳನ್ನು ಹೆಸರು ಹಿಡಿದು ಚುಚ್ಚಿದ್ದರು. ಆನ್‌ಲೈನ್ ಗುಂಪಿನವರು ಈ ಪ್ರಕರಣವನ್ನು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಮ್ಮಲ್ಲಿ ಎಲ್ಲರದೂ ಹಳೆಯ ಟ್ವೀಟೇ. ಯಾರು ಯಾರಿಗೆ ಯಾವಾಗ ಏನು ಬೈದರೆಂಬುದು ಹುಡುಕಿದರೆ ಎರಡು ಸೆಕೆಂಡಿನಲ್ಲಿ ಸಿಗುತ್ತದೆ.

ಈ ಮಾದರಿಯಲ್ಲಿ ಮೌನವೆಂದರೆ ‘ಇಲ್ಲ’. ಮತ ಬೀಳುವವರೆಗೆ ನೇಮಕ ಆಗುವುದಿಲ್ಲ. ನಿದ್ದೆ ಕೂಡ ಮೌನವೇ. 1925ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಚಾರ್ಲ್ಸ್ ವಾರೆನ್ ಹೆಸರು ಬಂದಾಗ ಮತ 40-40ಕ್ಕೆ ನಿಂತಿತು. ಸಮ ಬಿದ್ದಾಗ ನಿರ್ಣಾಯಕ ಮತ ಹಾಕಬೇಕಾದ ಉಪಾಧ್ಯಕ್ಷ ಚಾರ್ಲ್ಸ್ ಡಾಸ್, ಇವತ್ತು ಮತದಾನ ಇರುವುದಿಲ್ಲವೆಂದುಕೊಂಡು ಹೋಟೆಲ್ ಕೋಣೆಗೆ ಹೋಗಿ ಮಲಗಿದ್ದರು. ಎಬ್ಬಿಸಿ ಕರೆತರುವಷ್ಟರಲ್ಲಿ ಒಬ್ಬ ಸೆನೆಟರ್ ಮತ ಬದಲಿಸಿಯಾಗಿತ್ತು, ವಾರೆನ್ ಸೋತರು. 96 ಸ್ಥಾನಗಳ ಪೂರ್ಣಾವಧಿ ಸೆನೆಟ್‌ನಲ್ಲೇ ಹೀಗಾದರೆ, ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಸೇರುವ ಇಪ್ಪತ್ತು ಜನರ ಸದನದಲ್ಲಿ ಏನಾಗಬೇಡ?

ವಿಚಾರಣೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈ ಮಾದರಿಯ ಸವಿ ಇರುವುದೂ ಅಲ್ಲೇ, ವಿಷ ಇರುವುದೂ ಅಲ್ಲೇ. ನಾನು ನೋಡಿದ ಒಂದು ವಿಚಾರಣೆಯಲ್ಲಿ ವಿದೇಶಾಂಗ ಖಾತೆಗೆ ಬಂದ ಹುಡುಗಿಗೆ ಮೊದಲ ಗಂಟೆಯಲ್ಲಿ ಮೂವತ್ತೆಂಟು ಪ್ರಶ್ನೆ ಬಂದವು. ಅದರಲ್ಲಿ ಕೆಲಸಕ್ಕೆ ಬಂದವು ಮೂರು: ವಾರದಲ್ಲಿ ಎಷ್ಟು ದಿನ ಬರುತ್ತೀಯ, ಬೇರೆ ಯಾವ ಗುಂಪುಗಳಲ್ಲಿ ಯಾವ ಹೆಸರಿನಲ್ಲಿದ್ದೀಯ, ಹಿಂದಿನ ಮಂತ್ರಿ ಅರ್ಧಕ್ಕೆ ಬಿಟ್ಟ ಒಪ್ಪಂದದ ಕರಡನ್ನು ಓದಿದ್ದೀಯಾ. ಉಳಿದ ಮೂವತ್ತೈದು ಜಾಣ್ಮೆ ಪ್ರದರ್ಶನ. ಒಬ್ಬನಂತೂ ವಿಯೆನ್ನಾ ಒಪ್ಪಂದದ ವಿಧಿಗಳನ್ನು ಕೇಳಿದ. ಅವಳು ರಾತ್ರಿ ಎರಡು ಗಂಟೆಯವರೆಗೆ ಕೂತು ಎಲ್ಲದಕ್ಕೂ ಉತ್ತರ ಬರೆದಳು, ಮತವೂ ಗೆದ್ದಳು, ಮೂರು ವಾರದೊಳಗೆ ಸುಸ್ತಾಗಿ ರಾಜೀನಾಮೆ ಕೊಟ್ಟಳು. ಆಡಳಿತಕ್ಕಿರಬೇಕಾದ ಉತ್ಸಾಹವನ್ನೆಲ್ಲ ಪ್ರವೇಶ ಪರೀಕ್ಷೆಯಲ್ಲೇ ಹಿಂಡಿಕೊಂಡಿದ್ದೆವು.

ಸೆನೆಟ್ ಮಾದರಿಯೇ ಬೇಕೆನ್ನುವವರು ಪ್ರಶ್ನೆಗೆ ಮಿತಿ ಹಾಕಿ: ಒಬ್ಬ ಸದಸ್ಯನಿಗೆ ಎರಡು ಪ್ರಶ್ನೆ, ಒಂದು ಉಪಪ್ರಶ್ನೆ, 48 ಗಂಟೆ. ಕೋರಂ ಲೆಕ್ಕವನ್ನು ಪಟ್ಟಿಯಲ್ಲಿರುವವರ ಮೇಲೆ ಇಡಬೇಡಿ, ಕಳೆದ ಎರಡು ಮತದಾನಗಳಲ್ಲಿ ಒಂದರಲ್ಲಾದರೂ ಭಾಗವಹಿಸಿದವರ ಮೇಲೆ ಇಡಿ. ಸಮ ಬಿದ್ದರೆ ಏನೆಂಬುದನ್ನು ಮೊದಲೇ ಬರೆದಿಡಿ. ಅಮೆರಿಕದಲ್ಲಿ 2017ರಲ್ಲಿ ಬೆಟ್ಸಿ ಡೆವೋಸ್, 2025ರಲ್ಲಿ ಪೀಟ್ ಹೆಗ್ಸೆತ್ ಇಬ್ಬರೂ ಉಪಾಧ್ಯಕ್ಷರ ಒಂದು ಮತದಿಂದ ಮಂತ್ರಿಯಾದವರು. ನಿಮ್ಮಲ್ಲಿ ಆ ಒಂದು ಮತ ಸ್ಪೀಕರ್‌ದೋ, ನಾಯಕನದೋ? ನಾಯಕನದೇ ಆದರೆ ತಾನು ಸೂಚಿಸಿದ ಹೆಸರಿಗೆ ತಾನೇ ಮುದ್ರೆ ಒತ್ತಿದಂತಾಯಿತು.

ಇಡೀ ಸಂಪುಟಕ್ಕೆ ಒಂದೇ ಮತ

ಯುರೋಪಿಯನ್ ಸಂಸತ್ತು ಇದನ್ನು ಮಾಡುವ ರೀತಿ ನನಗೆ ಇಷ್ಟ. ಯುರೋಪಿಯನ್ ಒಕ್ಕೂಟದ ಸಂಪುಟದಂತಿರುವ ಕಮಿಷನ್ನಿಗೆ ಬರುವ ಒಬ್ಬೊಬ್ಬರನ್ನೂ ಆಯಾ ವಿಷಯದ ಸಮಿತಿ ಗಂಟೆಗಟ್ಟಲೆ ಪ್ರಶ್ನಿಸುತ್ತದೆ. ಕೊನೆಗೆ ಮತ ಮಾತ್ರ ಇಡೀ ತಂಡಕ್ಕೆ ಒಂದೇ. ಒಬ್ಬರ ಮೇಲೆ ಸಿಟ್ಟಿದ್ದರೆ ಎಲ್ಲರನ್ನೂ ಬೀಳಿಸುತ್ತೇವೆಂದು ಹೆದರಿಸಬೇಕು, ಅಷ್ಟು ಸಿಟ್ಟು ಎಲ್ಲರಿಗೂ ಇರುವುದಿಲ್ಲ. ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. 2004ರಲ್ಲಿ ಇಟಲಿಯ ರೊಕ್ಕೊ ಬುಟ್ಟಿಲಿಯೋನೆ ವಿಚಾರಣೆಯಲ್ಲಿ ಆಡಿದ ಮಾತಿಗೆ ಸಂಸತ್ತು ತಿರುಗಿಬಿತ್ತು. ನಿಯೋಜಿತ ಅಧ್ಯಕ್ಷ ಬರೋಸೊ ಮತದಾನಕ್ಕೆ ಹೋಗದೆ ತಂಡವನ್ನೇ ವಾಪಸ್ ತೆಗೆದುಕೊಂಡು, ಹೆಸರು ಬದಲಿಸಿ ಮತ್ತೆ ಬಂದರು. 2019ರಲ್ಲಿ ಫ್ರಾನ್ಸಿನ ಸಿಲ್ವಿ ಗೂಲಾರ್ ಹೆಸರನ್ನು ಸಮಿತಿಗಳು 82-29ರಲ್ಲಿ ತಳ್ಳಿಹಾಕಿದವು. ಅದೂ ಸೇರಿದಂತೆ ಮೂರು ಹೆಸರು ಬದಲಾಗುವ ಹೊತ್ತಿಗೆ ನವೆಂಬರ್ 1ಕ್ಕೆ ಕೂರಬೇಕಿದ್ದ ಕಮಿಷನ್ ಡಿಸೆಂಬರ್ 1ಕ್ಕೆ ಕೂತಿತು.

ಅಣಕು ಸರ್ಕಾರಕ್ಕೆ ಇದರ ಲಾಭ ಸರಳ. ಎಂಟು ಮಂತ್ರಿಗಳಿಗೆ ಎಂಟು ಸಲ ಟ್ಯಾಗ್ ಮಾಡುವ ಬದಲು ಒಂದೇ ಸಲ. ಚುನಾವಣೆ ಮುಗಿದ ವಾರದಲ್ಲಿ ಜನ ಹೇಗೂ ಬಂದಿರುತ್ತಾರೆ, ಬಿಸಿ ಇರುವಾಗಲೇ ಮತ ಬಿದ್ದುಬಿಡುತ್ತದೆ. ಅನಾನುಕೂಲ ಗೊತ್ತಾಗುವುದು ಎರಡನೇ ತಿಂಗಳಲ್ಲಿ. ಒಬ್ಬ ಬಿಟ್ಟು ಹೋದ, ಬದಲಿ ಬೇಕು. ಬದಲಿಯೊಬ್ಬನಿಗೆ ‘ಇಡೀ ಸಂಪುಟದ ಮತ’ ಹೇಗೆ? ಈ ಒಂದು ಸಾಲನ್ನು ಬರೆಯಲು ಮರೆತ ಸಂವಿಧಾನಗಳು ಎಷ್ಟೋ. ಮರೆತರೆ ನಾಯಕರು ಬುದ್ಧಿವಂತರಾಗುತ್ತಾರೆ: ಮೊದಲ ದಿನ ಎಲ್ಲರಿಗೂ ಒಪ್ಪಿಗೆಯಾಗುವ ಮುಖಗಳು, ಹದಿನೈದು ದಿನ ಬಿಟ್ಟು ಖಾತೆ ಬದಲಾವಣೆ.

ಸಣ್ಣ ಸಮಿತಿಯ ಕೈಗೆ ಕೊಡುವುದು

ಫಿಲಿಪ್ಪೀನ್ಸಿನಲ್ಲಿ ನೇಮಕಗಳಿಗೆಂದೇ ಒಂದು ಆಯೋಗ ಇದೆ. 12 ಸೆನೆಟರುಗಳು, 12 ಪ್ರತಿನಿಧಿಗಳು, ಅಧ್ಯಕ್ಷರಾಗಿ ಸೆನೆಟ್‌ನ ಅಧ್ಯಕ್ಷರು. 25 ಜನ, ಅದೂ ಎರಡೂ ಸದನದಿಂದ ಪಕ್ಷಗಳ ಬಲಕ್ಕೆ ತಕ್ಕಂತೆ. ಇವರು ಕಚ್ಚುವುದೂ ಉಂಟು. 2017ರ ಒಂದೇ ವರ್ಷದಲ್ಲಿ ದೇಶದ ಅಧ್ಯಕ್ಷ ಡುಟೆರ್ಟೆ ಅವರ ಸಂಪುಟದ ಹಲವರನ್ನು ತಿರಸ್ಕರಿಸಿದರು. ಗಣಿಗಳನ್ನು ಮುಚ್ಚಿಸಹೊರಟಿದ್ದ ಪರಿಸರ ಕಾರ್ಯದರ್ಶಿ ಜೀನಾ ಲೋಪೆಜ್ ಅವರಲ್ಲಿ ಒಬ್ಬರು.

ನಮ್ಮಂಥವರು ಕಲಿಯಬೇಕಾದ್ದು ಅಲ್ಲಿನ ಹಂಗಾಮಿ ನೇಮಕದ ರೀತಿಯನ್ನು. ಅಧಿವೇಶನ ಇಲ್ಲದಾಗ ದೇಶದ ಅಧ್ಯಕ್ಷರು ನೇಮಿಸಿದವರು ಕೂಡಲೇ ಕೆಲಸಕ್ಕೆ ಕೂರುತ್ತಾರೆ. ಆಯೋಗ ತಿರಸ್ಕರಿಸಿದರೆ ಇಳಿಯಬೇಕು; ಏನೂ ಹೇಳದೆ ಅಧಿವೇಶನ ಮುಗಿದರೂ ನೇಮಕ ಬಿದ್ದುಹೋಗುತ್ತದೆ, ಅಧ್ಯಕ್ಷರು ಬೇಕಾದರೆ ಮತ್ತೆ ನೇಮಿಸಬಹುದು. ಅಂದರೆ ಅಲ್ಲಿ ಮೌನಕ್ಕೆ ಒಂದು ದಿನಾಂಕ ಇದೆ. ಆ ದಿನದವರೆಗೆ ಅದು ಹೌದು, ಆಮೇಲೆ ಇಲ್ಲ.

ಆನ್‌ಲೈನ್ ಗುಂಪಿಗೆ ಐದು ಜನರ ಸಮಿತಿ ಸಾಕು. ಆದರೆ ಆ ಐವರು ಯಾರು ಎಂಬಲ್ಲೇ ಎಲ್ಲ ಇದೆ. ಹಳಬರೇ ತುಂಬಿಕೊಂಡರೆ ಹೊಸಬರಿಗೆ ಬಾಗಿಲು ಮುಚ್ಚಿತು. ಐದು ವರ್ಷದ ಹಿಂದಿನ ಜಗಳದ ಲೆಕ್ಕವನ್ನು ಹೊಸ ಕ್ರೀಡಾ ಮಂತ್ರಿಯ ಮೇಲೆ ತೀರಿಸಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಐವರಲ್ಲಿ ಇಬ್ಬರಾದರೂ ಗುಂಪಿಗೆ ಬಂದು ಆರು ತಿಂಗಳಾಗದವರಿರಲಿ.

ವಿಚಾರಣೆ ಮಾತ್ರ, ತಡೆಯುವ ಅಧಿಕಾರ ಇಲ್ಲ

ದಕ್ಷಿಣ ಕೊರಿಯಾದಲ್ಲಿ ಪ್ರಧಾನಿಗೆ ಸಂಸತ್ತಿನ ಒಪ್ಪಿಗೆ ಬೇಕು. ಉಳಿದ ಮಂತ್ರಿಗಳಿಗೆ 2005ರಿಂದ ವಿಚಾರಣೆ ಕಡ್ಡಾಯ, ಒಪ್ಪಿಗೆ ಕಡ್ಡಾಯವಲ್ಲ. ಸಂಸತ್ತು ವರದಿ ಕೊಡದಿದ್ದರೂ ಅಧ್ಯಕ್ಷರು ನೇಮಿಸಿಬಿಡಬಹುದು. 2019ರ ಸೆಪ್ಟೆಂಬರ್ 9ರಂದು ವಿರೋಧದ ನಡುವೆಯೇ ಚೋ ಕುಕ್ ನ್ಯಾಯ ಮಂತ್ರಿಯಾದರು. ಅಕ್ಟೋಬರ್ 14ಕ್ಕೆ ರಾಜೀನಾಮೆ. ಸದನಕ್ಕೆ ತಡೆಯುವ ಹಕ್ಕಿರಲಿಲ್ಲ, ಬೀದಿ ತಡೆಯಿತು.

ನಮ್ಮ ಗುಂಪುಗಳಲ್ಲಿ ಬೀದಿ ಎಂಬುದು ಇಲ್ಲ. ಸಿಟ್ಟಾದವರು ಮೆರವಣಿಗೆ ಮಾಡುವುದಿಲ್ಲ, ನೋಟಿಫಿಕೇಷನ್ ಮ್ಯೂಟ್ ಮಾಡುತ್ತಾರೆ. ಹಾಗಾಗಿ ಹಲ್ಲಿಲ್ಲದ ವಿಚಾರಣೆ ಇಲ್ಲಿ ಬರಿ ಸಂದರ್ಶನ. ಹೊಸ ಮಂತ್ರಿಯ ಪರಿಚಯ ಆಗಲಿ ಎಂಬುದಷ್ಟೇ ಉದ್ದೇಶವಾದರೆ ಚೆನ್ನಾಗಿದೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಆಕ್ಷೇಪಣೆಗೆ ಆಹ್ವಾನ

ನಾನು ಹತ್ತು ಗುಂಪುಗಳಲ್ಲಿ ಎಂಟಕ್ಕೆ ಹೇಳುವ ದಾರಿ ಇದು. ಕಂಡುಹಿಡಿದದ್ದೇನಲ್ಲ, ರಾಜ್ಯಪತ್ರ ಓದುವವರಿಗೆಲ್ಲ ಗೊತ್ತು: ಸರ್ಕಾರ ಕರಡು ಅಧಿಸೂಚನೆ ಹೊರಡಿಸುತ್ತದೆ, ಇಷ್ಟು ದಿನದೊಳಗೆ ಆಕ್ಷೇಪಣೆ, ಸಲಹೆ ಸಲ್ಲಿಸಿ ಎನ್ನುತ್ತದೆ, ದಿನ ಮುಗಿದ ಮೇಲೆ ಮುಂದುವರಿಯುತ್ತದೆ. ಮಂತ್ರಿಯ ಹೆಸರನ್ನೂ ಹಾಗೆಯೇ ಕರಡಿನಂತೆ ಹೊರಡಿಸಿ. ನಾವು ಈಗ ಬಳಸುತ್ತಿರುವ ನಿಯಮ ಹೀಗಿದೆ, ಬೇಕಾದವರು ಎತ್ತಿಕೊಳ್ಳಬಹುದು:

“ಮುಖ್ಯಮಂತ್ರಿ ಸೂಚಿಸಿದ ಹೆಸರನ್ನು ಸ್ಪೀಕರ್ ಪ್ರಕಟಣೆ ಚಾನೆಲ್‌ನಲ್ಲಿ ಹಾಕಿದ ಹೊತ್ತಿನಿಂದ 72 ಗಂಟೆಯೊಳಗೆ ಮೂವರು ಸದಸ್ಯರು ಕಾರಣ ಸಹಿತ ಆಕ್ಷೇಪಣೆ ಸಲ್ಲಿಸದಿದ್ದರೆ ನೇಮಕ ಖಾಯಂ. ಸಲ್ಲಿಸಿದರೆ ಮುಂದಿನ 48 ಗಂಟೆ ಮತದಾನ. ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಬೇಡ’ ಎಂದಿದ್ದರೆ ಮಾತ್ರ ನೇಮಕ ರದ್ದು. ಈ ಮತದಾನಕ್ಕೆ ಕೋರಂ ಇಲ್ಲ. ಸೂಚಿತರು ತಮ್ಮ ನೇಮಕದ ಮೇಲೆ ಮತ ಹಾಕುವಂತಿಲ್ಲ.”

ಒಂದೊಂದು ಅಂಕಿಯ ಹಿಂದೆಯೂ ಒಂದೊಂದು ಪೆಟ್ಟಿದೆ. ಮೊದಲು 48 ಗಂಟೆ ಇಟ್ಟಿದ್ದೆವು. ನಮ್ಮ ಗುಂಪಿನಲ್ಲಿ ಬೆಂಗಳೂರಿನವರು, ದುಬೈಯವರು, ನ್ಯೂಜೆರ್ಸಿಯವರು ಇದ್ದಾರೆ; ಒಬ್ಬ ಮುಖ್ಯಮಂತ್ರಿ ಸೋಮವಾರ ಬೆಳಿಗ್ಗೆ ಹೆಸರು ಹಾಕಿ ಬುಧವಾರ ಬೆಳಿಗ್ಗೆ ಪ್ರಮಾಣ ವಚನ ಮುಗಿಸಿದರು. ಕೆಲಸದ ದಿನ, ಯಾರೂ ನೋಡಿರಲಿಲ್ಲ. ಈಗ 72 ಗಂಟೆ, ಜೊತೆಗೆ ಗುರುವಾರ ಅಥವಾ ಶುಕ್ರವಾರ ಮಾತ್ರ ಹೆಸರು ಹಾಕಬೇಕೆಂಬ ರೂಢಿ. ಆಕ್ಷೇಪಣೆಗೆ ಒಬ್ಬರು ಸಾಕು ಎಂದಿತ್ತು. ಒಬ್ಬ ಮಹಾಶಯ ಎಲ್ಲ ಹೆಸರಿಗೂ ಆಕ್ಷೇಪಣೆ ಹಾಕುತ್ತ ಹೋದ, ಅದಕ್ಕೇ ಮೂವರು. ಐವರು ಮಾಡಿದರೆ ವಿರೋಧ ಪಕ್ಷದ ಬಾಯಿ ಕಟ್ಟಿದಂತಾಗುತ್ತದೆ, ನಮ್ಮ ವಿರೋಧ ಪಕ್ಷದಲ್ಲಿ ಇರುವುದೇ ನಾಲ್ವರು. ‘ಕಾರಣ ಸಹಿತ’ ಎಂಬ ಎರಡು ಪದ ಸೇರಿದ ಮೇಲೆ ಆಕ್ಷೇಪಣೆಗಳು ಅರ್ಧಕ್ಕೆ ಇಳಿದವು.

ಸಮ ಬಿದ್ದರೆ? ನೇಮಕ ಉಳಿಯುತ್ತದೆ, ಯಾಕೆಂದರೆ ಬೇಡ ಎಂಬುದಕ್ಕೆ ಅರ್ಧಕ್ಕಿಂತ ಹೆಚ್ಚು ಬೇಕು. ಯಾರನ್ನೂ ನಿದ್ದೆಯಿಂದ ಎಬ್ಬಿಸಬೇಕಾಗಿಲ್ಲ.

ಇದಕ್ಕೆ ಬರುವ ದೊಡ್ಡ ಆರೋಪ, ‘ಇದು ಸದನವನ್ನು ಮಲಗಿಸುತ್ತದೆ’ ಎಂಬುದು. ಅರ್ಧ ನಿಜ. ಮತ ಹಾಕುವ ಅಭ್ಯಾಸವೇ ತಪ್ಪಿಹೋದ ಸದನ ಆಮೇಲೆ ಬಜೆಟ್ಟಿಗೂ ಬರುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವೆ. ಎಷ್ಟೋ ಸಲ ಮೌನ ಎಂದರೆ ಫೋನ್ ಚಾರ್ಜಿನಲ್ಲಿದೆ ಎಂದರ್ಥ. ಆದರೂ ಮಲಗಿದ ಸದನದಿಂದ ಸಂಪುಟ ನಿಂತುಹೋಗುವುದಕ್ಕಿಂತ, ಸಂಪುಟ ನಡೆಯುತ್ತಿರುವಾಗ ಸದನ ತೂಕಡಿಸುವುದು ಮೇಲು. ಕೆಲಸ ನಡೆದರೆ ತಪ್ಪು ನಡೆಯುತ್ತದೆ, ತಪ್ಪು ನಡೆದರೆ ಜನ ಎದ್ದು ಬರುತ್ತಾರೆ.

ಕೀಲಿ ಕೊಡುವುದು ಯಾವಾಗ

ಯಾವ ದಾರಿ ಹಿಡಿದರೂ ತಪ್ಪದ ತಲೆನೋವು ಇದು. ಕನ್ನಡದಲ್ಲಿ ಖಾತೆ ಎಂದರೆ ಮಂತ್ರಿಯ ಇಲಾಖೆಯೂ ಹೌದು, ಲಾಗಿನ್ ಆಗುವ ಅಕೌಂಟೂ ಹೌದು. ಅಣಕು ಸರ್ಕಾರದಲ್ಲಿ ಎರಡೂ ಒಂದೇ ಕಡೆ ಸೇರುತ್ತವೆ. ನೇಷನ್‌ಸ್ಟೇಟ್ಸ್‌ನಲ್ಲಿ ಪ್ರಾಂತೀಯ ಅಧಿಕಾರಿಯಾಗಿ ನೇಮಿಸಿ ‘ಗಡಿ ನಿಯಂತ್ರಣ’ ಕೊಟ್ಟರೆ ಆ ವ್ಯಕ್ತಿ ಪ್ರಾಂತ್ಯದಿಂದ ದೇಶಗಳನ್ನು ಹೊರಹಾಕಬಲ್ಲ. ಆಟದ ಯಂತ್ರ ನಿಮ್ಮ ಸಂವಿಧಾನ ಓದಿಲ್ಲ. ಸೆನೆಟ್ ಒಪ್ಪಿತೋ ಇಲ್ಲವೋ ಅದಕ್ಕೆ ತಿಳಿಯದು. ಬಟನ್ ಇದ್ದವರು ಒತ್ತಿದರೆ ಕೆಲಸ ಆಯಿತು. ಡಿಸ್ಕಾರ್ಡಿನಲ್ಲೂ ಅಷ್ಟೇ, ರೋಲ್ (ಸದಸ್ಯನ ಹೆಸರಿಗೆ ಅಂಟಿಸುವ ಅಧಿಕಾರದ ಗುರುತು) ಕೊಟ್ಟ ಕ್ಷಣವೇ ಅಧಿಕಾರ ಬಂತು.

ಅದಕ್ಕೇ ನಾನು ಖಾತೆಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸುತ್ತೇನೆ. ವಾರ್ತೆ, ಸಂಸ್ಕೃತಿ, ಕ್ರೀಡೆ, ಹೊಸಬರ ಸ್ವಾಗತ, ಇವರ ಕೈಯಲ್ಲಿ ಅಪಾಯದ ಕೀಲಿ ಇಲ್ಲ. ಇವರಿಗೆ ಆಕ್ಷೇಪಣೆ ಅವಧಿ ಸಾಕು, ಆ ಅವಧಿಯಲ್ಲೇ ಹಂಗಾಮಿಯಾಗಿ ಕೆಲಸ ಶುರುಮಾಡಲಿ. ಗೃಹ, ರಕ್ಷಣೆ, ಅಥವಾ ಯಾರ ಕೈಗೆ ಹೊರಹಾಕುವ, ಅಳಿಸುವ, ರೋಲ್ ಹಂಚುವ ಅಧಿಕಾರ ಹೋಗುತ್ತದೋ ಅವರಿಗೆ ಮಾತ್ರ ಪೂರ್ತಿ ವಿಚಾರಣೆ, ಪೂರ್ತಿ ಮತ. ಮತ ಮುಗಿಯುವವರೆಗೆ ಕೀಲಿ ಅಡ್ಮಿನ್ ಹತ್ತಿರವೇ ಇರಲಿ. ಇಲ್ಲಿ ನಿಧಾನವಾದರೂ ಪರವಾಗಿಲ್ಲ.

ಈ ಎರಡನೇ ಪಂಕ್ತಿಯವರ ವಿಚಾರಣೆಯಲ್ಲಿ ಕೇಳಲೇಬೇಕಾದದ್ದು ಬೇರೆ ಹೆಸರುಗಳ ಬಗ್ಗೆ. ನೇಷನ್‌ಸ್ಟೇಟ್ಸ್‌ನಲ್ಲಿ ಒಬ್ಬರೇ ಎಷ್ಟು ದೇಶಗಳನ್ನು ಬೇಕಾದರೂ ನಡೆಸಬಹುದು, ಆಟದೊಳಗಿನ ವಿಶ್ವಸಂಸ್ಥೆಯಂಥ ವರ್ಲ್ಡ್ ಅಸೆಂಬ್ಲಿಯಲ್ಲಿ ಮಾತ್ರ ಒಂದೇ. ಉಳಿದವುಗಳನ್ನು ಪಪೆಟ್ ಎನ್ನುತ್ತಾರೆ. ಪಪೆಟ್ ಇರುವುದು ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು. ನಿಮ್ಮ ರಕ್ಷಣಾ ಮಂತ್ರಿ ಪಕ್ಕದ ಪ್ರಾಂತ್ಯದಲ್ಲೂ ಸೇನಾಧಿಕಾರಿಯಾಗಿದ್ದಾನೆಂದು ನೇಮಕವಾದ ಮೇಲೆ ತಿಳಿದರೆ ಅದನ್ನು ಬಿಡಿಸುವುದು ಬಲು ಕಷ್ಟ. ಮನೆಯ ವಿಳಾಸ, ಫೋನ್ ನಂಬರ್, ಕಾಲೇಜಿನ ಹೆಸರು ಇವನ್ನು ಯಾವ ಕಾರಣಕ್ಕೂ ಕೇಳಬೇಡಿ, ಕೇಳಿದವರ ಪ್ರಶ್ನೆಯನ್ನು ಸ್ಪೀಕರ್ ಅಳಿಸಲಿ. ನಮ್ಮ ಮಂತ್ರಿಗಳಲ್ಲಿ ಎಷ್ಟೋ ಜನ ಪಿಯುಸಿ ಓದುವ ಮಕ್ಕಳು.

ಹಂಗಾಮಿಗೆ ಗಡುವು ಬೇಕು. ಅಮೆರಿಕದ 1998ರ ಕಾಯ್ದೆ ಹಂಗಾಮಿ ಅಧಿಕಾರಿಗೆ ಸಾಮಾನ್ಯವಾಗಿ 210 ದಿನ ಕೊಡುತ್ತದೆ. ನಿಮಗೆ 21 ದಿನವೂ ಹೆಚ್ಚೇ. ನೇಷನ್‌ಸ್ಟೇಟ್ಸ್‌ನಲ್ಲಿ 28 ದಿನ ಲಾಗಿನ್ ಆಗದಿದ್ದರೆ ದೇಶವೇ ಅಳಿದುಹೋಗುತ್ತದೆ, ರಜೆಯ ಮೋಡ್ ಹಾಕಿಕೊಂಡರೆ 60 ದಿನ. ದೇಶಕ್ಕೇ ಇಷ್ಟು ಆಯುಷ್ಯ ಇರುವಾಗ ಹಂಗಾಮಿ ಮಂತ್ರಿಗೆ ಎರಡು ವಾರ ಧಾರಾಳ. ಹಾಗೆಂದು ಹಂಗಾಮಿಯೇ ಬೇಡವೆಂದರೆ ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಕಥೆ: ಕೆಲಸ ನೋಡದೆ ಸದನ ಒಪ್ಪುವುದಿಲ್ಲ, ಸದನ ಒಪ್ಪದೆ ಕೆಲಸ ಕೊಡುವುದಿಲ್ಲ.

ಯಾರಿಗೆ ಯಾವುದು

ಮತದಾನಕ್ಕೆ ಹನ್ನೆರಡರೊಳಗೆ ಜನ ಬರುವ ಗುಂಪಾದರೆ ಒಪ್ಪಿಗೆಯ ಗೊಡವೆಯೇ ಬೇಡ. ನಾಯಕ ನೇಮಿಸಲಿ, ಸದನಕ್ಕೆ ವಾಪಸ್ ಕರೆಸುವ ಹಕ್ಕಿರಲಿ. ಅಷ್ಟು ಚಿಕ್ಕ ಗುಂಪಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮತದಾನ ಬರಿ ಮುಜುಗರ. ಹನ್ನೆರಡರಿಂದ ನಲವತ್ತರ ನಡುವೆ ಆಕ್ಷೇಪಣೆ ಅವಧಿ, ಕೀಲಿ ಇರುವ ಖಾತೆಗಳಿಗೆ ಮಾತ್ರ ಮತ. ನಲವತ್ತು ದಾಟಿ, ಪಕ್ಷಗಳು ನಿಜವಾಗಿಯೂ ಬೇರೆ ಬೇರೆ ಮಾತಾಡುವಂತಿದ್ದರೆ ಮೊದಲ ಸಂಪುಟಕ್ಕೆ ಒಟ್ಟಿಗೆ ಮತ, ಬದಲಿಗಳಿಗೆ ಸಮಿತಿ. ಪ್ರತಿಯೊಬ್ಬರಿಗೂ ಸೆನೆಟ್ ವಿಚಾರಣೆ ಬೇಕೇ ಬೇಕು ಎನ್ನುವವರಿಗೆ ನನ್ನ ಉತ್ತರ: ವಿಚಾರಣೆಯೇ ನಿಮ್ಮ ಆಟವಾದರೆ ಆಡಿ. ಅಮೆರಿಕದ ಸರ್ಕಾರವನ್ನು ಆಡುವವರಿಗೆ ಅದೇ ರಸ. ಆಡಳಿತ ನಿಮ್ಮ ಆಟವಾದರೆ ಬೇಡ.

ಮತ ಗುಟ್ಟಾಗಿರಬೇಕೋ ಬೇಡವೋ ಎಂಬ ಜಗಳ ಪ್ರತಿ ಗುಂಪಿನಲ್ಲೂ ಬರುತ್ತದೆ. ಡಿಸ್ಕಾರ್ಡಿನ ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ಮಂತ್ರಿಯ ವಿಷಯದಲ್ಲಿ ನಾನು ಬಹಿರಂಗ ಮತದ ಪಕ್ಷ. ಆಕ್ಷೇಪಣೆ ಹಾಕಿದವರ ಹೆಸರು ಕಾಣದಿದ್ದರೆ ಉತ್ತರ ಯಾರಿಗೆ ಹೇಳುವುದು?

ಪರೀಕ್ಷೆ ಬಂತೆಂದು ಹೆಸರು ವಾಪಸ್ ಪಡೆದ ಹುಡುಗ ಎರಡು ತಿಂಗಳು ಬಿಟ್ಟು ಮತ್ತೆ ಬಂದ. ಅಷ್ಟರಲ್ಲಿ ಹೊಸ ನಿಯಮ ಜಾರಿಯಾಗಿತ್ತು. ಶುಕ್ರವಾರ ರಾತ್ರಿ ಎಂಟಕ್ಕೆ ಅವನ ಹೆಸರು ಹಣಕಾಸು ಖಾತೆಗೆ ಪ್ರಕಟವಾಯಿತು. ಶನಿವಾರ ಏನೂ ಇಲ್ಲ. ಭಾನುವಾರ ಸಂಜೆ ಒಂದು ಆಕ್ಷೇಪಣೆ ಬಂತು, ಕಾರಣ ಸಹಿತ: “ಹೋದ ಸಲ ಪರೀಕ್ಷೆ ಅಂತ ಓಡಿಹೋದವನು.” ಹುಡುಗ ವಾದ ಮಾಡಲಿಲ್ಲ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿಯ ಫೋಟೊ ಹಾಕಿ, ಕಾಲೇಜಿನ ಹೆಸರಿನ ಮೇಲೆ ಕಪ್ಪು ಗೀರು ಎಳೆದು, ಕೆಳಗೆ ಬರೆದ: “ಡಿಸೆಂಬರ್‌ವರೆಗೆ ಇರ್ತೀನಿ ಗುರು.” ಸೋಮವಾರ ರಾತ್ರಿ ಎಂಟಾಯಿತು. ಎರಡನೇ ಆಕ್ಷೇಪಣೆ ಬರಲಿಲ್ಲ.